ಮೊದಲ ಸಾಲು

"ಸಾರ್, ಚೌಡಮ್ಮನೋರು ಹೋಗ್ಬಿಟ್ರಾ?"

ಬೆಳಿಗ್ಗೆ ಆರೂ ಮುಕ್ಕಾಲಿಗೆ ಫೋನ್ ಎತ್ತಿದ ರಾಮಚಂದ್ರಪ್ಪನವರ ಕಿವಿಗೆ ಬಿದ್ದ ಮೊದಲ ಮಾತು ಅದು. ಮಾತಾಡುತ್ತಿದ್ದವನು ವ್ಯಾನ್ ಡ್ರೈವರ್ ಹಾಲೇಶ್. ಹಿಂದಿನಿಂದ ಎಂಜಿನ್ನಿನ ಸದ್ದು, ಯಾರೋ ಕೆಮ್ಮುವ ಸದ್ದು ಕೇಳುತ್ತಿತ್ತು.

"ಎಲ್ಲಿಗೆ ಹೋಗ್ಬಿಟ್ರು?"

"ಅಲ್ಲ ಸಾರ್, ತೀರ್ಕೊಂಡ್ರಾ ಅಂತ. ಶುಕ್ರವಾರದ ಪಟ್ಟೀಲೂ ಹೆಸ್ರಿರ್ಲಿಲ್ಲ, ಇವತ್ತೂ ಇಲ್ಲ. ಗಾಡೀಲಿ ಯಾರೂ ಬಾಯ್ಬಿಟ್ಟು ಕೇಳ್ತಿಲ್ಲ. ಆದ್ರೆ ಎಲ್ರೂ ಆ ಖಾಲಿ ಸೀಟೇ ನೋಡ್ತಿದಾರೆ."

ರಾಮಚಂದ್ರಪ್ಪನವರಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. "ಪಟ್ಟೀಲಿ ತಪ್ಪಾಗಲ್ಲ ಹಾಲೇಶ. ಕಣ್ಬಿಟ್ಟು ನೋಡು."

"ನೋಡ್ದೆ ಸಾರ್. ಹನ್ನೊಂದು ಹೆಸ್ರಿದೆ. ಹೊನ್ನಯ್ಯನೋರೂ ಮಿಕ್ಕೋರೂ ಇದಾರೆ. ಚೌಡಮ್ಮ ಇಲ್ಲ."

"ಈಗೆಲ್ಲಿದೀಯ?"

"ಮಾಚೇನಹಳ್ಳಿ ದಾಟ್ತಾ ಇದೀನಿ."

"ನೀನ್ ನಡಿ. ನಾನ್ ನೋಡ್ತೀನಿ."

ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟು ಲ್ಯಾಪ್‌ಟಾಪ್ ತೆರೆದರು. ಹೆಸರುಗಳ ಕಡತದಲ್ಲಿ ಮೊದಲ ಸಾಲಿನಲ್ಲೇ ಇತ್ತು: ಚೌಡಮ್ಮ, ಹೊಸಮನೆ, ಮಂಗಳವಾರ, ಶುಕ್ರವಾರ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಆದರೆ ಬೆಳಿಗ್ಗೆ ಐದೂವರೆಗೆ ಅವರ ಪ್ರೋಗ್ರಾಂ ಹಾಲೇಶನಿಗೆ ಕಳಿಸಿದ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಶುಕ್ರವಾರದ್ದರಲ್ಲೂ ಇರಲಿಲ್ಲ. ಅದರ ಹಿಂದಿನ ಮಂಗಳವಾರದ್ದರಲ್ಲಿ ಎಲ್ಲರಿಗಿಂತ ಮೊದಲು ಇತ್ತು.

ಚೌಡಮ್ಮನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಹೋಗಿ ನಾಲ್ಕು ಗಂಟೆ ಯಂತ್ರಕ್ಕೆ ಮೈಯೊಡ್ಡಿ ರಕ್ತ ತೊಳೆಸಿಕೊಂಡು ಬಂದರಷ್ಟೇ ಬದುಕು. ಒಂದು ಸಲ ತಪ್ಪಿದರೇ ನೀರು ಶ್ವಾಸಕೋಶಕ್ಕೆ ಏರುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಕಳೆದ ಮಂಗಳವಾರದಿಂದ ಈ ಮಂಗಳವಾರಕ್ಕೆ ಪೂರಾ ಒಂದು ವಾರ.

ಅವಳ ನಂಬರಿಗೆ ಫೋನ್ ಮಾಡಿದರು. ಸ್ವಿಚ್ ಆಫ್.

ರಾಮಚಂದ್ರಪ್ಪನವರು ಸ್ಕೂಟರಿನ ಕೀ ಹುಡುಕುವಷ್ಟರಲ್ಲಿ ಅವರ ವಿಚಾರ ಸ್ವಲ್ಪ ಹೇಳಿಬಿಡಬೇಕು. ಭದ್ರಾವತಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತಮೂರು ವರ್ಷ ಹಾಜರಿ ಬರೆದವರು ಅವರು. ಮೂರು ಪಾಳಿಯ ಸಾವಿರಾರು ಹೆಸರು ಅವರ ಪೆನ್ನಿನ ಕೆಳಗೆ ಹಾದುಹೋಗಿತ್ತು. ಒಬ್ಬನೇ ಒಬ್ಬನ ಹೆಸರು ತಪ್ಪಿತ್ತೆಂದು ಯಾರೂ ಬೆರಳು ತೋರಿಸಿರಲಿಲ್ಲ. ನಿವೃತ್ತಿಯಾದ ಮೇಲೆ ಜೊತೆಯವರೆಲ್ಲ ವಾಕಿಂಗು, ಭಜನೆ, ಸೊಂಟನೋವು ಎಂದು ಹಂಚಿಹೋದರೆ ಇವರು ಯೂಟ್ಯೂಬಿನಲ್ಲಿ ಕನ್ನಡದ ಕೋಡಿಂಗ್ ಪಾಠ ನೋಡುತ್ತ ಕೂತರು. ಹೆಂಡತಿ ಲಿಂಗಮ್ಮ "ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಅದಿದೇ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು. ಅವರು ಕೇಳಿಸಿಕೊಳ್ಳಲಿಲ್ಲ. ವಿಡಿಯೊ ನಿಲ್ಲಿಸಿ, ತೆರೆಯ ಮೇಲಿನ ಸಾಲನ್ನು ರೂಲ್ಡ್ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಎರಡು ಬೆರಳಲ್ಲಿ ಟೈಪ್ ಮಾಡುವುದು ಅವರ ಕ್ರಮ. ಅರ್ಥವಾದದ್ದೂ ಬರೆದರು, ಅರ್ಥವಾಗದ್ದನ್ನೂ ಬರೆದರು. ಗಿಣಿಪಾಠವೂ ಒಂದು ಪಾಠವೇ ಎಂಬುದು ಅವರ ನಂಬಿಕೆ.

ತೊಡಕು ಬಂದರೆ ಟೆಲಿಗ್ರಾಂನಲ್ಲಿ ಕನ್ನಡದಲ್ಲೇ ಕಲಿಯುವವರ ಒಂದು ಗುಂಪಿತ್ತು. ನಾನೂರು ಜನರಲ್ಲಿ ಹೆಚ್ಚಿನವರು ಇವರ ಮಗಳಿಗಿಂತ ಚಿಕ್ಕವರು. ಅವರು "ಗೈಸ್, ಎರರ್ ಬರ್ತಿದೆ" ಎಂದು ಒಂದು ಸಾಲು ಬರೆದರೆ ಇವರು "ಮಾನ್ಯರೇ" ಎಂದು ಶುರುಮಾಡಿ "ಇಂತಿ ತಮ್ಮ ವಿಶ್ವಾಸಿ" ಎಂದು ಮುಗಿಸುತ್ತಿದ್ದರು. ಕೆಲವರು ನಕ್ಕರು. ಶಿವಮೊಗ್ಗದ ವಿದ್ಯಾನಗರದ ಲಿಖಿತಾ ಎಂಬ ಹುಡುಗಿ ಮಾತ್ರ ನಗದೆ ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟಳು. ಮುಖ ನೋಡಿರದಿದ್ದರೂ ಅವಳ ಮೇಲೆ ಇವರಿಗೆ ಮಗಳಷ್ಟು ಸಲುಗೆ, ಮೇಷ್ಟ್ರಷ್ಟು ಗೌರವ.

ಹಾಗೆ ಕಲಿತದ್ದರಲ್ಲಿ ಅವರು ಮಾಡಿದ ದೊಡ್ಡ ಕೆಲಸವೆಂದರೆ ಈ ವ್ಯಾನಿನ ಪಟ್ಟಿ. ಭದ್ರಾವತಿಯ ಕಿಡ್ನಿ ರೋಗಿಗಳನ್ನು ಆಲ್ಕೊಳದ ಹತ್ತಿರದ ಡಯಾಲಿಸಿಸ್ ಕೇಂದ್ರಕ್ಕೆ ಕರೆದೊಯ್ಯಲು ಒಂದು ಸೇವಾ ಬಳಗ ವ್ಯಾನ್ ಇಟ್ಟಿತ್ತು. ಒಟ್ಟು ಇಪ್ಪತ್ತಾರು ಜನ, ಒಬ್ಬೊಬ್ಬರಿಗೆ ಒಂದೊಂದು ದಿನ. ಎಲ್ಲವೂ ಹಾಲೇಶನ ನೆನಪಿನಲ್ಲಿ ನಡೆಯುತ್ತಿತ್ತು. ನಡುದಾರಿಯಲ್ಲಿ ಫೋನ್ ಮಾಡಿ ಹತ್ತುವವರು, ಹೇಳದೆ ಕೈಕೊಡುವವರು, ನನ್ನ ಮನೆಗೇ ಮೊದಲು ಬಾ ಎಂದು ಜಗಳಾಡುವವರು. ರಾಮಚಂದ್ರಪ್ಪನವರ ಪ್ರೋಗ್ರಾಂ ಬಂದ ಮೇಲೆ ಆ ರಗಳೆ ನಿಂತಿತು. ಬೆಳಿಗ್ಗೆ ಐದೂವರೆಗೆ ಅವತ್ತಿನ ಹೆಸರುಗಳನ್ನು ಆರಿಸಿ, ಹಾಲೇಶನ ಫೋನಿಗೂ ಕೇಂದ್ರದ ಫೋನಿಗೂ ಅದು ತಾನಾಗಿ ಕಳಿಸುತ್ತಿತ್ತು. ಜೊತೆಗೆ ಒಂದು ಕಟ್ಟುನಿಟ್ಟು: ಪಟ್ಟಿಯಲ್ಲಿ ಹೆಸರಿದ್ದವರ ಮನೆಯ ಮುಂದೆ ಮಾತ್ರ ಗಾಡಿ ನಿಲ್ಲಬೇಕು. ಈ ಕಟ್ಟುನಿಟ್ಟು ಹೇರಿದವರೂ ಅವರೇ. ಬಳಗದವರು ಹೋದ ತಿಂಗಳು ಅವರಿಗೆ ಶಾಲು ಹೊದಿಸಿ ಫೋಟೊ ತೆಗೆಸಿದ್ದರು. ಆ ಫೋಟೊ ಲಿಂಗಮ್ಮನವರ ಫೋನಿನಲ್ಲಿತ್ತು. ಅರಳುಮರಳಿನ ಮಾತು ಅಲ್ಲಿಗೆ ನಿಂತಿತ್ತು.

ಕೀ ಸಿಕ್ಕಿತು. ಲಿಂಗಮ್ಮ "ಕಾಫಿ?" ಎಂದದ್ದು ಬಾಗಿಲಿನ ಆಚೆಗೆ ಕೇಳಿಸಿತು.

ಹೊಸಮನೆಯ ಆ ಓಣಿಗೆ ಬಂದಾಗ ಏಳು ಹತ್ತು. ಚೌಡಮ್ಮನ ಮನೆಯ ಬಾಗಿಲು ಓರೆಯಾಗಿತ್ತು. ಬಾಗಿಲ ಪಕ್ಕದಲ್ಲೇ ಅವಳ ಪ್ಲಾಸ್ಟಿಕ್ ಬುಟ್ಟಿ ಸಿದ್ಧವಾಗಿತ್ತು: ಹೊದೆಯುವ ಶಾಲು, ನೀರಿನ ಬಾಟಲಿ, ಕೇಂದ್ರದ ಕಾರ್ಡು. ಚೌಡಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಒಗೆದ ಸೀರೆ ಉಟ್ಟಿದ್ದಳು, ತಲೆ ಬಾಚಿದ್ದಳು. ಪಾದಗಳು ಊದಿ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಸಿರು ಎಳೆದಾಗಲೆಲ್ಲ ಗೊರಗೊರ ಸದ್ದು ಬರುತ್ತಿತ್ತು.

"ಚೌಡಮ್ಮ! ಫೋನ್ ಯಾಕೆ ಆಫು?"

"ಚಾರ್ಜಿಲ್ಲ ಸ್ವಾಮಿ." ಎರಡು ಪದಕ್ಕೆ ಎರಡು ಉಸಿರು. "ನೀವ್ಯಾಕೆ... ಬಂದ್ರಿ?"

"ಶುಕ್ರವಾರ ಯಾಕೆ ಹೇಳಿ ಕಳಿಸ್ಲಿಲ್ಲ? ಮೋನಿಕಾಗಾದ್ರೂ ಹೇಳ್ಬಾರ್ದಾ?"

ಮೋನಿಕಾ ಅವಳ ಮಗಳು, ಶಿವಮೊಗ್ಗದ ಒಂದು ಬಟ್ಟೆಯಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಆರರ ಬಸ್ಸಿಗೆ ಹೋಗಿಬಿಡುತ್ತಾಳೆ.

"ಹೋಗ್ಬಂದೆ ಅಂತ ಹೇಳ್ದೆ ಅವ್ಳಿಗೆ." ಚೌಡಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. "ಗಾಡಿ ಮುಂದೇನೇ ಹೋಯ್ತು. ನಿಲ್ಲಿಲ್ಲ. ಹಾಲೇಶ ನನ್ನ ಕಡೆ ನೋಡ್ಲೂ ಇಲ್ಲ. ಪಟ್ಟೀಲಿ ಹೆಸ್ರು ತೆಗ್ದಿದಾರೆ ಅಂತ ಗೊತ್ತಾಯ್ತು. ಇವ್ಳಿಗಿನ್ನು ಸಾಕು ಅಂತ... ಡಾಕ್ಟ್ರೇ ಹೇಳಿರ್ಬೇಕು ಅನ್ಕಂಡೆ."

"ಮತ್ತೆ ಇವತ್ತು ಸೀರೆ ಉಟ್ಕಂಡು ಕೂತಿದೀರಲ್ಲ?"

"ಇರ್ಲಿ ಅಂತ," ಎಂದಳು.

ಕಾರ್ಖಾನೆಯ ಗೇಟಿನೆದುರು ಇಪ್ಪತ್ತು ವರ್ಷ ಇಡ್ಲಿ ಬೇಯಿಸಿದವಳು ಇವಳು. ರಾತ್ರಿ ಪಾಳಿ ಮುಗಿಸಿ ಬಂದವನ ಜೇಬಿನಲ್ಲಿ ಕಾಸಿಲ್ಲದಿದ್ದರೂ ಎಲೆ ಹಾಕುತ್ತಿದ್ದವಳು. ಅವಳನ್ನು ಬದುಕಿದ್ದವರ ಪಟ್ಟಿಯಿಂದ ತೆಗೆದದ್ದು ಡಾಕ್ಟರಲ್ಲ, ದೇವರಲ್ಲ. ರಾಮಚಂದ್ರಪ್ಪನವರ ಮನೆಯ ಮೇಜಿನ ಮೇಲಿನ ಒಂದು ಲ್ಯಾಪ್‌ಟಾಪು.

ಪಕ್ಕದ ಮನೆಯವರು ಓಡಿಹೋಗಿ ಆಟೊ ಕರೆತಂದರು. ಇಬ್ಬರು ಹೆಂಗಸರು ಎತ್ತಿ ಕೂರಿಸಿದರು. ಮಲಗಿಸಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಹಾಗಾಗಿ ರಾಮಚಂದ್ರಪ್ಪನವರು ಪಕ್ಕದಲ್ಲಿ ಕೂತು ಅವಳ ಬೆನ್ನಿಗೆ ತಮ್ಮ ತೋಳು ಕೊಟ್ಟರು. ಆಟೊ ಡ್ರೈವರ್ ಒಮ್ಮೆ ಹಿಂದೆ ತಿರುಗಿ ನೋಡಿದವನು "ಗಟ್ಟಿ ಹಿಡ್ಕಳಿ ಸಾರ್" ಎಂದಷ್ಟೇ ಹೇಳಿ ಹೊರಟ.

ಬಿ.ಎಚ್. ರಸ್ತೆಗೆ ಬಿದ್ದ ಮೇಲೆ ಅವರು ಕೇಂದ್ರಕ್ಕೆ ಫೋನ್ ಮಾಡಿದರು. ಎತ್ತಿದವರು ಸೀತಾ ಮೇಡಂ, ಅಲ್ಲಿಯ ಹಿರಿಯ ನರ್ಸು. ವ್ಯಾನಿನ ಉಸ್ತುವಾರಿಯೂ ಅವರದೇ. ವಿಷಯ ತಿಳಿದವರೇ ಅವರು ಮೊದಲು ಕೇಳಿದ್ದು ಇಷ್ಟು:

"ಉಸಿರಾಟ ಹೇಗಿದೆ?"

"ಗೊರಗೊರ ಅಂತಿದೆ."

"ನೇರ ಇಲ್ಲಿಗೇ ಕರ್ಕೊಂಬನ್ನಿ. ಆಕ್ಸಿಜನ್ ರೆಡಿ ಇಡ್ತೀನಿ, ಡಾಕ್ಟ್ರಿಗೂ ಹೇಳ್ತೀನಿ. ಆದ್ರೆ ಸರ್, ಮೂರನೇ ಮಷಿನ್ ಅವರ್ದು. ನಿಮ್ಮ ಪಟ್ಟೀಲಿ ಹೆಸ್ರಿಲ್ಲ ಅಂತ ಸೋಗಾನೆಯವ್ರೊಬ್ರಿಗೆ ಕೊಟ್ಬಿಟ್ಟೆ. ತೂಕ ನೋಡಿ ಆಯ್ತು, ಇನ್ನು ಹತ್ತು ನಿಮಿಷಕ್ಕೆ ಸೂಜಿ ಚುಚ್ತಾರೆ. ಒಂದ್ಸಲ ಶುರು ಆದ್ರೆ ನಾಲ್ಕು ಗಂಟೆ ಬಿಡಿಸೋಕಾಗಲ್ಲ."

"ಬೇರೆ ಮಷಿನ್?"

"ಎಲ್ಲಾ ಫುಲ್ಲು. ಅವ್ರು ಎರಡು ದಿನದಿಂದ ಕಾಯ್ತಿದಾರೆ, ನಾನು ಹೇಗೆ ಎಬ್ಬಿಸ್ಲಿ? ನೀವು ಬೇಗ ಬನ್ನಿ." ಒಳಗೆ ಯಾರೋ ಕರೆದರು. ಫೋನ್ ಇಟ್ಟುಬಿಟ್ಟರು.

ಕಡದಕಟ್ಟೆ ದಾಟುತ್ತಿದ್ದರು. ಶಿವಮೊಗ್ಗಕ್ಕೆ ಇನ್ನೂ ಹದಿನೈದು ಕಿಲೋಮೀಟರು. ರಾಮಚಂದ್ರಪ್ಪನವರ ತಲೆಗೆ ಆ ಊರಿನಲ್ಲಿ ಒಂದೇ ಒಂದು ಹೆಸರು ಬಂತು. ಗುಂಪಿನಲ್ಲಿದ್ದ ನಂಬರನ್ನು ಒತ್ತಿದರು. ಎಂದೂ ಮಾತಾಡಿರದ ದನಿ "ಹಲೋ" ಎಂದಿತು.

"ಲಿಖಿತಾ ಮೇಡಂ, ನಾನು ರಾಮಚಂದ್ರಪ್ಪ, ಭದ್ರಾವತಿ. ಮಾನ್ಯರೇ ಅಂತ ಬರೀತೀನಲ್ಲ..."

"ಅಂಕಲ್! ಹೇಳಿ."

ಹೇಳಿದರು. ಟೈಮ್ ಆಫೀಸಿನ ವರದಿಯ ಹಾಗೆ, ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಡತದಲ್ಲಿ ಹೆಸರಿದೆ, ಶುಕ್ರವಾರದಿಂದ ಪಟ್ಟಿಯಲ್ಲಿ ಇಲ್ಲ. ಆಲ್ಕೊಳದಲ್ಲಿ ಮೂರನೇ ಯಂತ್ರ, ಬೇರೆಯವರಿಗೆ ಸೂಜಿ ಚುಚ್ಚುವ ಮೊದಲು ಹೋಗಿ ತಡೆಯಬೇಕು. ಹತ್ತು ನಿಮಿಷ.

ಆ ಕಡೆ ಸ್ಕೂಟಿ ಸ್ಟಾರ್ಟ್ ಆದ ಸದ್ದು ಕೇಳಿತು. ಹುಡುಗಿ ಫೋನನ್ನು ಹೆಲ್ಮೆಟ್ಟಿನೊಳಗೆ ಸಿಕ್ಕಿಸಿಕೊಂಡಿರಬೇಕು, ದನಿ ಡಬ್ಬದೊಳಗಿಂದ ಬಂದಂತೆ ಬಂತು. "ಹೊರಟೆ ಅಂಕಲ್. ಗುರುವಾರ ಕೋಡಲ್ಲಿ ಏನಾದ್ರೂ ಬದಲಾಯಿಸಿದ್ರಾ?"

"ಕೋಡ್ ಮುಟ್ಟಿಲ್ಲ. ಕಡತದಲ್ಲಿ ಮೇಲಿದ್ದ ಶ್ರೀ ತೆಗ್ದೆ. ನೀವೇ ಹೇಳಿದ್ರಲ್ಲ."

ಆ ಕಡೆ ಸ್ಕೂಟಿಯ ವೇಗ ತಗ್ಗಿತು. ಹಾರ್ನುಗಳ ಸದ್ದು ಮಾತ್ರ.

"ಅಯ್ಯೋ," ಎಂದಳು ಲಿಖಿತಾ. "ಅಯ್ಯೋ ಅಂಕಲ್. ಕಡತ ತೆರೆದ ಮೇಲೆ ಮೊದಲ ಸಾಲು ಬಿಟ್ಟು ಮುಂದೆ ಹೋಗು ಅನ್ನೋ ಒಂದು ಸಾಲಿದ್ಯಾ ನಿಮ್ಮ ಕೋಡಲ್ಲಿ?"

ಇತ್ತು. ಪಾಠದ ವಿಡಿಯೊದಲ್ಲಿ ಇತ್ತು, ಹಾಗಾಗಿ ಇವರಲ್ಲೂ ಇತ್ತು. ಪಾಠದ ಕಡತದಲ್ಲಿ ಮೊದಲ ಸಾಲಿನಲ್ಲಿ ಬರೀ ತಲೆಬರಹ ಇತ್ತು, ಹೆಸರು, ಊರು, ದಿನ ಎಂದು. ಅದನ್ನು ಓದಬಾರದೆಂದು ಮೇಷ್ಟ್ರು ಆ ಸಾಲು ಬರೆದಿದ್ದರು. ರಾಮಚಂದ್ರಪ್ಪನವರ ಕಡತದಲ್ಲಿ ತಲೆಬರಹ ಇರಲಿಲ್ಲ, ಶ್ರೀ ಇತ್ತು. ಹಾಜರಿ ಪುಸ್ತಕವಾಗಲಿ, ಕಿರಾಣಿ ಚೀಟಿಯಾಗಲಿ, ಹಾಳೆಯ ನೆತ್ತಿಯಲ್ಲಿ ಶ್ರೀ ಬರೆಯದೆ ಅವರ ಕೈ ಮುಂದೆ ಹೋದದ್ದೇ ಇಲ್ಲ. ಪ್ರೋಗ್ರಾಂ ಇಷ್ಟು ದಿನ ಆ ಶ್ರೀಯನ್ನೇ ತಲೆಬರಹವೆಂದು ಬಿಟ್ಟು ಹೋಗುತ್ತಿತ್ತು. ಗುರುವಾರ ಮಧ್ಯಾಹ್ನ ಬೇರಾವುದೋ ಅನುಮಾನಕ್ಕೆ ಕಡತದ ಫೋಟೊ ಹಾಕಿದಾಗ ಗುಂಪಿನಲ್ಲಿ ನಗು ಹರಿದಾಡಿತ್ತು: ಡೇಟಾದೊಳಗೆ ಶ್ರೀಗೇನು ಕೆಲಸ, ಪೂಜೆಗೆ ಇಟ್ಟಿದೀರಾ ಎಂದು. ಲಿಖಿತಾ ಮಾತ್ರ ಮೃದುವಾಗಿ "ಅದನ್ನ ತೆಗೆದ್ರೆ ಒಳ್ಳೇದು ಅಂಕಲ್" ಎಂದು ಬರೆದಿದ್ದಳು. ಅವರು ತೆಗೆದರು. ಲಿಂಗಮ್ಮ ಹಿಂದೆ ನಿಂತು ನೋಡಿ "ಶ್ರೀ ಯಾಕ್ರೀ ಅಳಿಸ್ತೀರ, ಅದೇನು ನಿಮಗೆ ಕಚ್ತಾ ಇತ್ತಾ?" ಎಂದಿದ್ದರು. ಶ್ರೀ ಹೋದ ಮೇಲೆ ಮೊದಲ ಸಾಲಿಗೆ ಬಂದವಳು ಚೌಡಮ್ಮ. ವ್ಯಾನ್ ಶುರುವಾದಾಗ ಸೇರಿದ ಮೊದಲ ರೋಗಿ ಅವಳೇ.

"ನಾನು ಕೋಡ್ ನೋಡದೇ ಹೇಳ್ಬಿಟ್ಟೆ ಅಂಕಲ್," ಎಂದಳು ಹುಡುಗಿ. ದನಿ ಒಡೆದಿತ್ತು.

"ನೀವು ಗಾಡಿ ಓಡಿಸಿ ಮೇಡಂ. ಮುಂದೆ ನೋಡ್ಕೊಂಡು ಓಡಿಸಿ."

ನಿದಿಗೆ ದಾಟುವಾಗ ಚೌಡಮ್ಮನ ತಲೆ ಅವರ ಭುಜದ ಮೇಲೆ ವಾಲಿತು. "ಚೌಡಮ್ಮ! ಮಾತಾಡಿ. ಏನಾದ್ರೂ ಮಾತಾಡಿ." ಅವಳ ತುಟಿ ನೀಲಿಗಟ್ಟುತ್ತಿತ್ತು. ರಾಮಚಂದ್ರಪ್ಪನವರು ದೇವರನ್ನು ಕರೆಯಲಿಲ್ಲ, ಕರೆಯಲು ನಾಚಿಕೆಯಾಯಿತು. ಬದಲಿಗೆ ಅವಳ ಕಿವಿಯ ಹತ್ತಿರ ಬಾಗಿ, ಹಳೆಯ ಕಾಲದಲ್ಲಿ ಅವಳ ಇಡ್ಲಿ ಅಂಗಡಿಗೆ ಬರುತ್ತಿದ್ದವರ ಹೆಸರುಗಳನ್ನು ಒಂದೊಂದಾಗಿ ಕೇಳತೊಡಗಿದರು. ಫೌಂಡ್ರಿಯ ಗೋವಿಂದಸ್ವಾಮಿ ಎಷ್ಟು ತಿಂತಿದ್ದ? ಆರು. ಕ್ರೇನಿನ ಪಳನಿ? ಅವಳು ಕೈಯ ನಾಲ್ಕು ಬೆರಳು ಎತ್ತಿದಳು. ಮುಂದಿನ ಹೆಸರಿಗೆ ಬೆರಳು ಏಳಲಿಲ್ಲ.

ಫೋನ್ ಹೊಡೆದುಕೊಂಡಿತು. ಲಿಖಿತಾ.

"ಬಂದ್ಬಿಟ್ಟೆ ಅಂಕಲ್. ಸೂಜಿ ಇನ್ನೂ ಚುಚ್ಚಿಲ್ಲ. ಆ ಅಣ್ಣ ಒಪ್ತಿಲ್ಲ. ಎರಡು ದಿನದಿಂದ ಬಸ್ಸಲ್ಲಿ ಓಡಾಡಿದೀನಿ, ಪ್ರತಿ ಸಲ ಇನ್ಯಾರಿಗೋ ಅಂತ ನನ್ನೇ ಎಬ್ಬಿಸ್ತಾರೆ ಅಂತಿದಾರೆ. ಅವರ ಮಾತೂ ಸರಿ. ನಾನೇನ್ ಮಾಡ್ಲಿ?"

"ಅವ್ರಿಗೆ ಫೋನ್ ಕೊಡಿ."

ಫೋನ್ ಕೈ ಬದಲಾಯಿತು. "ಯಾರ್ರೀ?" ಎಂದಿತು ಒಂದು ಒರಟು ದನಿ.

ರಾಮಚಂದ್ರಪ್ಪನವರಿಗೆ ಮಾತಿಗೆ ಅರ್ಥವಿಲ್ಲ ಎನಿಸಿತು. ಫೋನನ್ನು ಚೌಡಮ್ಮನ ಬಾಯ ಹತ್ತಿರ ಹಿಡಿದರು. ಆಟೊದ ಸದ್ದಿನ ನಡುವೆಯೂ ಆ ಗೊರಗೊರ ಸ್ಪಷ್ಟವಾಗಿ ಕೇಳುತ್ತಿತ್ತು. ಎಣಿಸಿದರೆ ಹತ್ತು ಉಸಿರಾಗಿರಬಹುದು. ಆ ಸದ್ದು ಏನೆಂದು ಕಿಡ್ನಿ ಹೋದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಥೂ," ಎಂದಿತು ಆ ಕಡೆಯ ದನಿ. ಆಮೇಲೆ ಯಾರಿಗೋ ಹೇಳಿದ್ದು ಕೇಳಿತು: "ಆ ಹಾಸಿಗೆ ಬಟ್ಟೆ ಬದಲಾಯಿಸಮ್ಮ. ನಾನು ಮಧ್ಯಾಹ್ನ ಮಾಡಿಸ್ಕಂತೀನಿ."

ಆಟೊ ಆಲ್ಕೊಳ ಸರ್ಕಲ್ ತಿರುಗಿದಾಗ ಎಂಟು ಗಂಟೆ ಐದು. ಗೇಟಿನಲ್ಲಿ ಸ್ಟ್ರೆಚರ್ ಕಾದಿತ್ತು. ಚೌಡಮ್ಮನನ್ನು ಒಳಗೆ ತೆಗೆದುಕೊಂಡು ಹೋದರು, ಬಾಗಿಲು ಮುಚ್ಚಿತು. ರಾಮಚಂದ್ರಪ್ಪನವರ ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಉಳಿಯಿತು.

ಕಾಯುವ ಜಾಗದಲ್ಲಿ ಉದ್ದನೆಯ ಹುಡುಗಿಯೊಬ್ಬಳು ಹೆಲ್ಮೆಟ್ ಹಿಡಿದು ನಿಂತಿದ್ದಳು. ಮನೆಯ ಚಪ್ಪಲಿಯಲ್ಲೇ ಬಂದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳು ಬುಟ್ಟಿ ಇಸಿದುಕೊಂಡಳು.

ಅರ್ಧ ಗಂಟೆಯ ಮೇಲೆ ಸೀತಾ ಮೇಡಂ ಹೊರಬಂದರು. "ಮಷಿನ್ನಿಗೆ ಹಾಕಿದೀವಿ. ಎರಡು ಗಂಟೆ ಕಳೀಲಿ, ಆಮೇಲೆ ಹೇಳ್ತೀನಿ," ಎಂದವರೇ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ ಹಾಲೇಶನ ಕಡೆ ತಿರುಗಿದರು. ಒಳಗೆ ಅದುಮಿಟ್ಟ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಿತ್ತು.

"ಎರಡು ಸಲ! ಎರಡು ಸಲ ಬಾಗ್ಲು ಮುಂದೆ ನಿಂತೋಳನ್ನ ಬಿಟ್ಟು ಬಂದಿದೀಯ. ಬಾಯಿರ್ಲಿಲ್ವಾ ನಿಂಗೆ ಕೇಳೋಕೆ? ಕೀ ಇಲ್ಲಿಟ್ಟು ಮನೆಗೆ ಹೋಗು. ಬೇರೆ ಡ್ರೈವರ್ ನೋಡ್ತೀನಿ."

ಹಾಲೇಶ ಕೀ ತೆಗೆದ. ರಾಮಚಂದ್ರಪ್ಪನವರ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ರಾಮಚಂದ್ರಪ್ಪನವರು ಟೈಮ್ ಆಫೀಸಿನಲ್ಲಿ ಎಷ್ಟು ಸಲ ಹೇಳಿ ನಕ್ಕಿದ್ದರೋ. ಈಗ ಎಮ್ಮೆ ಎದುರಿಗೇ ನಿಂತಿತ್ತು. ಒಂದು ನಿಮಿಷ ಸುಮ್ಮನಿದ್ದರೆ ಸಾಕು, ಶಾಲು ಉಳಿಯುತ್ತಿತ್ತು, ಫೋಟೊ ಉಳಿಯುತ್ತಿತ್ತು, ಮೂವತ್ತಮೂರು ವರ್ಷದ ಹೆಸರು ಉಳಿಯುತ್ತಿತ್ತು. ಆ ಒಂದು ನಿಮಿಷ ಅವರು ಸುಮ್ಮನಿದ್ದದ್ದೂ ನಿಜ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

"ಮೇಡಂ, ಅವ್ನಿಗೆ ಕೀ ಕೊಡಿ," ಎಂದರು ಆಮೇಲೆ. "ಹೆಸರು ಬಿಟ್ಟಿದ್ದು ನಾನು. ಪಟ್ಟೀಲಿ ಇಲ್ದೋರ ಮನೆ ಮುಂದೆ ನಿಲ್ಲಿಸ್ಬೇಡ ಅಂದಿದ್ದೂ ನಾನು."

"ಅದು ನಾನು ಹೇಳಿದ್ರಿಂದ..." ಎಂದು ಲಿಖಿತಾ ಬಾಯಿ ತೆಗೆದಳು.

"ನೀವು ಹೇಳಿದ್ದು ಸರಿಯಾಗೇ ಇತ್ತು. ನನ್ನ ಕೋಡಲ್ಲಿ ನನಗೇ ಅರ್ಥ ಆಗದ ಸಾಲೊಂದಿತ್ತು. ಅರ್ಥ ಆಗದ್ದನ್ನ ನಂಬಿ ಇಪ್ಪತ್ತಾರು ಜನರ ಪ್ರಾಣ ಅದರ ಕೈಗೆ ಕೊಟ್ಟೆ."

ಸೀತಾ ಮೇಡಂ ಕೂತುಬಿಟ್ಟರು. ಹಾಲೇಶ ಮೆತ್ತಗೆ ಹೇಳಿದ: "ಕೇಳ್ಬೋದಿತ್ತು ಮೇಡಂ. ನಂದೂ ತಪ್ಪೇ. ಶುಕ್ರವಾರ ಅವ್ರು ನಿಂತಿದ್ದೂ ನಾನು ಕಾಣ್ಲಿಲ್ಲ, ಅವರ ಮನೆ ಕಡೆ ನೋಡೋಕೇ ಧೈರ್ಯ ಆಗ್ಲಿಲ್ಲ. ಹೋದ ವರ್ಷ ಮೂರು ಹೆಸ್ರು ಪಟ್ಟಿಯಿಂದ ಹೋಯ್ತು. ಮೊದಲ್ನೇ ಸಲ ನಾನು ಗಾಡೀಲೇ ಕೇಳಿ, ತೀರ್ಕೊಂಡ್ರು ಅಂತ ಎಲ್ರಿಗೂ ಗೊತ್ತಾಯ್ತು. ಅವತ್ತು ಶಿವಮೊಗ್ಗದವರ್ಗೂ ಎಲ್ರೂ ಅತ್ರು. ಮುಂದಿಂದು ಯಾರ್ದು ಅಂತ ಅವರವರಿಗೆ ಭಯ. ಆಮೇಲಿಂದ ಹೆಸ್ರು ಇಲ್ದಿದ್ರೆ ಯಾರೂ ಕೇಳಲ್ಲ. ಸುಮ್ನೆ ಆ ಸೀಟ್ ಮೇಲೆ ಬ್ಯಾಗ್ ಇಡ್ತಾರೆ."

ಚೌಡಮ್ಮ ಉಳಿದಳು. ಮಧ್ಯಾಹ್ನ ಹನ್ನೆರಡೂವರೆಗೆ ಯಂತ್ರ ನಿಂತಾಗ ಗೊರಗೊರ ನಿಂತಿತ್ತು. ಮೋನಿಕಾ ಅಂಗಡಿಯಿಂದ ಓಡಿಬಂದು ತಾಯಿಯ ಕಾಲ ಹತ್ತಿರ ಕೂತು ಅಳುತ್ತ ಬಯ್ಯುತ್ತಿದ್ದಳು. ಸೋಗಾನೆಯವನು ಅದೇ ಹಾಸಿಗೆಗೆ ಕಾಯುತ್ತ, ತನ್ನ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಮೋನಿಕಾಳ ಮುಂದೆ ಹಿಡಿದಿದ್ದ. ರಾಮಚಂದ್ರಪ್ಪನವರು ಹಾಸಿಗೆಯ ಪಕ್ಕ ನಿಂತು, ಆದದ್ದನ್ನೆಲ್ಲ ಚೌಡಮ್ಮನಿಗೆ ಅರ್ಥವಾಗುವಂತೆ ಹೇಳಿ ಕೈಮುಗಿದರು.

ಅವಳು ಕ್ಷಮಿಸಿದೆ ಎನ್ನಲಿಲ್ಲ.

"ಸತ್ತೋರ ಹೆಸ್ರು ತೆಗಿಯೋವಾಗ್ಲೂ ಮನೆಗೆ ಬಂದು ಒಂದ್ಮಾತು ಕೇಳ್ತಾರೆ ಸ್ವಾಮಿ," ಎಂದಳು. "ಇದ್ದೋಳ್ದು ಹಂಗೇ ತೆಗ್ದ್ರಲ್ಲ."

ಆ ಮಾತು ಅವರ ಜೊತೆ ಭದ್ರಾವತಿಗೆ ಬಂತು. ಲಿಖಿತಾ ಫೋನಿನಲ್ಲಿ "ನಾನು ಸರಿಮಾಡಿ ಕಳಿಸ್ಲಾ ಅಂಕಲ್?" ಎಂದಾಗ ಬೇಡವೆಂದರು. "ನೀವು ಹೇಳ್ಕೊಡಿ, ನಾನು ಬರೀತೀನಿ. ಅರ್ಥ ಆಗೋವರ್ಗೂ ಒಂದಕ್ಷರ ಬರಿಯಲ್ಲ." ಎರಡು ಮಧ್ಯಾಹ್ನ ಹಿಡಿಯಿತು. ಹಳೆಯ ಕೋಡಿನ ಒಂದೊಂದು ಸಾಲಿನ ಮುಂದೂ ಅದು ಏನು ಮಾಡುತ್ತದೆಂದು ರೂಲ್ಡ್ ಪುಸ್ತಕದಲ್ಲಿ ಬರೆದರು. ಮೊದಲ ಸಾಲು ಬಿಡುವ ಆಜ್ಞೆಯನ್ನು ತೆಗೆದರು. ಹೊಸದಾಗಿ ಒಂದನ್ನು ಸೇರಿಸಿದರು: ಕಳೆದ ಸಲಕ್ಕಿಂತ ಒಂದು ಹೆಸರು ಕಡಿಮೆಯಾದರೂ ಪಟ್ಟಿ ಕಳಿಸಬಾರದು, ನಿಂತು ಕೇಳಬೇಕು. ಹೌದು ಎಂದು ಕೈಯಾರೆ ಒತ್ತಿದ ಮೇಲಷ್ಟೇ ಮುಂದೆ ಹೋಗಬೇಕು. ಲಿಂಗಮ್ಮ ಬಂದು "ಶ್ರೀ?" ಎಂದರು. ಅವರು ರೂಲ್ಡ್ ಪುಸ್ತಕದ ಹಾಳೆಯ ನೆತ್ತಿ ತೋರಿಸಿದರು. ಅಲ್ಲಿತ್ತು. ಗುಂಪಿನಲ್ಲಿ ಆದದ್ದನ್ನೆಲ್ಲ "ಮಾನ್ಯರೇ" ಎಂದು ಶುರುಮಾಡಿ ಬರೆದರು. ಅವತ್ತು ಯಾರೂ ನಗಲಿಲ್ಲ.

ಐದು ವಾರ ಪಟ್ಟಿ ಸರಾಗವಾಗಿ ಹೋಯಿತು. ಆರನೆಯ ಮಂಗಳವಾರ ಬೆಳಿಗ್ಗೆ ಐದೂವರೆಗೆ ಅವರು ಕಾಫಿ ಹಿಡಿದು ಕೂತಿದ್ದಾಗ ಪ್ರೋಗ್ರಾಂ ನಿಂತಿತು. ತೆರೆಯ ಮೇಲೆ ಅವರೇ ಬರೆದಿಟ್ಟಿದ್ದ ಮಾತು ಬಂತು:

ಒಬ್ಬರು ಕಡಿಮೆ. ಹೊನ್ನಯ್ಯ. ಮನೆಗೆ ಹೋಗಿ ಕೇಳಿದಿರಾ?

ಕೇಳಿದ್ದರು. ಭಾನುವಾರ ಸಂಜೆ ಹೊನ್ನಯ್ಯ ತೀರಿಕೊಂಡಿದ್ದರು. ನಿನ್ನೆ ಮಣ್ಣಿಗೆ ಹೋಗಿ ಬಂದು, ಅವರ ಸಾಲನ್ನು ಕಡತದಿಂದ ಅಳಿಸಿದವರೂ ರಾಮಚಂದ್ರಪ್ಪನವರೇ. ಆದರೂ ಹೌದು ಎಂದು ಒತ್ತಲು ಬೆರಳು ಏಳಲಿಲ್ಲ. ಹಾಗೆಯೇ ಕೂತರು. ಆರೂಕಾಲಿಗೆ ಹಾಲೇಶನ ಫೋನ್ ಬಂತು.

"ಪಟ್ಟಿ ಬಂದಿಲ್ಲ ಸಾರ್. ಚೌಡಮ್ಮನೋರು ಹತ್ತಿದಾರೆ, ಇನ್ನಿಬ್ರು ಹತ್ತಿದಾರೆ. ಮುಂದೆ ಯಾರು?"

"ಮುಂದೆ ಹೊನ್ನಯ್ಯ ಇರ್ಬೇಕಿತ್ತು. ಭಾನುವಾರ ಹೋದ್ರು. ಗಾಡೀಲಿ ಎಲ್ರಿಗೂ ಹೇಳು ಹಾಲೇಶ. ಹೆಸರು ಹಿಡಿದು ಹೇಳು."

"ಬೇಡ ಸಾರ್. ಅಳ್ತಾರೆ."

"ಅಳ್ಲಿ."

ಹಾಲೇಶ ಫೋನ್ ಇಡಲು ಮರೆತ. ಅವನು ಹಿಂದಕ್ಕೆ ತಿರುಗಿ ಹೇಳಿದ್ದು ಕೇಳಿತು. ಆಮೇಲೆ ಎಂಜಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಕೊನೆಗೆ ಚೌಡಮ್ಮನ ದನಿ ಬಂತು, ಗೊರಗೊರ ಇಲ್ಲದ ದನಿ.

"ಅವ್ರ ಮನೆ ಮುಂದೆ ನಿಲ್ಸಪ್ಪ. ಇಳಿದು ಒಂದ್ಮಾತು ಆಡ್ಸಿ ಬರಾಣ."

"ಪಟ್ಟೀಲಿ ಹೆಸ್ರಿಲ್ಲಮ್ಮ," ಎಂದ ಹಾಲೇಶ.

"ಇಲ್ಲ ಅಂತಾನೇ ನಿಲ್ಸು."

ಬ್ರೇಕು ಹಾಕಿದ ಸದ್ದು ಕೇಳಿತು, ವ್ಯಾನಿನ ಬಾಗಿಲು ಜಾರಿದ ಸದ್ದು ಕೇಳಿತು. ಒಬ್ಬರಾದ ಮೇಲೆ ಒಬ್ಬರು ನಿಧಾನವಾಗಿ ಇಳಿಯುತ್ತಿದ್ದರು. ರಾಮಚಂದ್ರಪ್ಪನವರು ಕಣ್ಣೊರೆಸಿಕೊಂಡು ಹೌದು ಎಂದು ಒತ್ತಿದರು. ಪಟ್ಟಿ ಹೋಯಿತು. ಚೌಡಮ್ಮನ ಹೆಸರು ಮೊದಲ ಸಾಲಿನಲ್ಲೇ ಇತ್ತು.